ಫ್ರೀಜರಿನ ಮೇಲೆ ಹೂಡಿದ ಕೇಸು

ನಮ್ಮ ಮನೆಯಲ್ಲಿ ಮೊದಲಿನಿಂದಲೂ ಎರಡು ಫ್ರಿಜ್ಜು. ಒಂದಕ್ಕೆ ಮೀನಿನ ಗಾಳಿಯೂ ಸೋಕುವಂತಿಲ್ಲ. ಅದು ಅಡುಗೆಮನೆಯೊಳಗೆ, ದೇವರಕೋಣೆಯ ಬಾಗಿಲ ಪಕ್ಕದಲ್ಲಿದೆ. ಹಾಲು, ಮೊಸರು, ಹೂವು, ದೋಸೆ ಹಿಟ್ಟು ಅದರ ಪಾಲು. ಇನ್ನೊಂದು ಹಳೆಯದು, ಬಾಗಿಲ ಅಂಚಿಗೆ ತುಕ್ಕು ಹಿಡಿದದ್ದು. ಹಿಂಬದಿ ಜಗಲಿಯಲ್ಲಿ ಬಚ್ಚಲಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಅದು ಮೀನಿನ ಫ್ರಿಜ್ಜು. ಹೆದ್ದಾರಿಯ ಪಡುಬದಿಯಲ್ಲಿರುವ ನಮ್ಮ ಮನೆ ಮೀನು ಮಾರಿಯೇ ಉಂಡ ಮನೆ. ಗಂಗೊಳ್ಳಿ ಬಂದರಿನಿಂದ ಬುಟ್ಟಿ ಹೊತ್ತು ಊರೂರು ತಿರುಗಿದ ನನ್ನ ಅತ್ತೆಯೇ ಈ ಕಾನೂನು ಮಾಡಿದವರು. ಕೇಳಿದವರು ನಗುತ್ತಾರೆ, ಅತ್ತೆ ನಗುವುದಿಲ್ಲ.

"ಮೀನ್ ನಮ್ಗ್ ಅನ್ನ ಕೊಟ್ಟದ್ದ್ ಹೌದ್. ಹಾಂಗಂದೇಳಿ ದೇವ್ರ ಹಾಲಿನೊಟ್ಟಿಗೆ ಮಲ್ಗ್ಸುಕ್ ಆತ್ತಾ?" ಎನ್ನುತ್ತಾರೆ.

ಈ ಎರಡರ ಜೊತೆಗೆ ಮೂರನೆಯದಾಗಿ ಬಂದದ್ದು ನನ್ನ ಫ್ರೀಜರು. ಕುಂದಾಪುರದಲ್ಲೂ ಬ್ರಹ್ಮಾವರದಲ್ಲೂ ಈಗ ಬಂಗುಡೆಯ ಹೊಟ್ಟೆ ಸೀಳಲು ಯಾರಿಗೂ ಪುರುಸೊತ್ತಿಲ್ಲ, ತಿನ್ನಲು ಮಾತ್ರ ಎಲ್ಲರಿಗೂ ಇದೆ. ಬ್ಯಾಂಕಿನ ಹೆಂಗಸರು, ಶಾಲೆಯ ಟೀಚರುಗಳು ಸಂಜೆ ಮನೆಗೆ ಬಂದು ಕಾವಲಿ ಇಟ್ಟರೆ ಸಾಕು ಎನ್ನುವಂತೆ ಮೀನು ಸಿಗಬೇಕು. ನಾನು ಮೀನು ಕೊಯ್ದು, ತೊಳೆದು, ಮಸಾಲೆ ಹಚ್ಚಿ ಪ್ಯಾಕೆಟ್ಟು ಮಾಡಿ ಕೊಡತೊಡಗಿದೆ. ಮೊದಲು ನೆರೆಮನೆಗೆ, ಆಮೇಲೆ ನೆರೆಮನೆಯವರ ನೆಂಟರಿಗೆ, ಆಮೇಲೆ ನಾನು ಮುಖವನ್ನೇ ಕಾಣದವರಿಗೆ. ಹಳೆಯ ಫ್ರಿಜ್ಜಿನ ಐಸಿನ ಗೂಡು ಇಷ್ಟಕ್ಕೆಲ್ಲ ಸಾಲಲಿಲ್ಲ. ಹಾಗಾಗಿ ದುಡಿದ ಹಣದಲ್ಲೇ ಎದೆಯೆತ್ತರದ ಒಂದು ಫ್ರೀಜರು ಕೊಂಡು, ಮಾವ ಇದ್ದಾಗ ಬಲೆ ಇಡುತ್ತಿದ್ದ ಕೋಣೆಯಲ್ಲಿ ಇಟ್ಟೆ. ಅತ್ತೆ ಬಂದು ನೋಡಿ, ಮುಚ್ಚಳ ಎತ್ತಿ, ಕೈ ಒಳಗಿಟ್ಟು ತೆಗೆದು, "ಐಸ್ ಪೆಟ್ಟಿಗಿ ಅಡ್ಡಿಲ್ಲ" ಎಂದರು. ಅವರ ಬಾಯಲ್ಲಿ "ಅಡ್ಡಿಲ್ಲ" ಎಂದರೆ ಹಾರ ಹಾಕಿ ಸನ್ಮಾನ ಮಾಡಿದ ಹಾಗೆ.

ಅದೇ ತಿಂಗಳು ಭಾವನೂ ಬಂದರು. ಭಾವ ಎಂದರೆ ನನ್ನ ಗಂಡನ ಅಣ್ಣ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಸಾಕಾಗಿ, ಅದನ್ನು ಪಾಲುದಾರರಿಗೆ ಬಿಟ್ಟು ಊರು ಸೇರಿದ್ದರು. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಅಲ್ಲೇ ಉಳಿದಿದ್ದರು. ಹೋಟೆಲು ಬಿಟ್ಟರೂ ಹೋಟೆಲು ಭಾವನನ್ನು ಬಿಟ್ಟಿರಲಿಲ್ಲ. ಮನೆಯನ್ನೇ ಒಂದು ಹೋಟೆಲು ಎಂದುಕೊಂಡು, ತಾನೇ ಗಲ್ಲಾದಲ್ಲಿ ಕೂತವರ ಹಾಗೆ ಓಡಾಡುತ್ತಿದ್ದರು. ನಾವು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಷ್ಟರಲ್ಲಿ ಹಿಂದಿನಿಂದ ಟಕ್ ಎಂದು ಲೈಟು ಆರುತ್ತಿತ್ತು. ಗೀಸರಿನ ಸ್ವಿಚ್ಚಿಗೆ ಕಪ್ಪು ಟೇಪು ಅಂಟಿಸಿ, "ಇನ್ನ್ ಇದನ್ನ್ ಯಾರೂ ಮುಟ್ಟುಕಾಗ. ಕರೆಂಟ್ ನುಂಗು ಭೂತ ಇದ್" ಎಂದು ಸಾರಿದರು.

ಅದರ ಬದಲಿಗೆ ಭಾವ ಬಚ್ಚಲ ಹಂಡೆಯನ್ನು ಮತ್ತೆ ಉರಿಸತೊಡಗಿದರು. ಮುಂಬಯಿಯ ಬಕೆಟ್ಟಿನ ಬಿಸಿನೀರಿನಲ್ಲಿ ಮಿಂದು ಮಿಂದು ಮನಸ್ಸು ಒಣಗಿಹೋಗಿತ್ತಂತೆ. ಬೆಳಕು ಹರಿಯುವ ಮೊದಲೇ ಎದ್ದು ತೆಂಗಿನ ಮಡಲು, ಕಾಯಿಸಿಪ್ಪೆ, ಗೆರಟೆ ಎಲ್ಲ ಒಲೆಗೆ ತುರುಕಿ, ಉರಿ ಏಳುವುದನ್ನು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಬೆಳಿಗ್ಗೆ ಒಮ್ಮೆ ಮೀಯುತ್ತಿದ್ದರು, ಸಂಜೆ ಒಮ್ಮೆ ಮೀಯುತ್ತಿದ್ದರು, ಮಧ್ಯಾಹ್ನ ಯಾರಾದರೂ ನೆಂಟರು ಬಂದರೆ ಅವರನ್ನೂ ಒತ್ತಾಯ ಮಾಡಿ ಮೀಯಿಸುತ್ತಿದ್ದರು. ಹೋಟೆಲಿನವರಿಗೆ ಬಿಸಿನೀರು ಯಾವಾಗಲೂ ತಯಾರಿರಬೇಕು. ನಮ್ಮ ಬಚ್ಚಲ ಒಲೆ ಅವರು ಬಂದ ಮೇಲೆ ಪೂರ್ತಿ ಆರಿದ್ದೇ ಕಡಿಮೆ. ನನಗೇನೂ ತಕರಾರು ಇರಲಿಲ್ಲ. ಕಾಯಿಸಿಪ್ಪೆಯ ಹೊಗೆ ಹಿಡಿದ ಆ ನೀರಿನ ಸುಖ ಗೊತ್ತಿದ್ದವರಿಗೇ ಗೊತ್ತು.

ಕರೆಂಟಿನ ಬಿಲ್ಲು ಬಂದಾಗ ತಕರಾರು ಶುರುವಾಯಿತು.

ಭಾವ ಜಗಲಿಯಲ್ಲಿ ಕನ್ನಡಕ ಏರಿಸಿಕೊಂಡು ಬಿಲ್ಲನ್ನು ಮೇಲಿನಿಂದ ಕೆಳಗೆ ಎಲ್ಲರಿಗೂ ಕೇಳುವ ಹಾಗೆ ಓದಿದರು. ಓದಿ ಮುಗಿಸಿ, ಮಡಚಿ, ನನ್ನ ಕಡೆ ತಿರುಗಿ, "ಎಲ್ಲ ನಿನ್ನ ಫ್ರೀಜರಿನ ಮಹಿಮೆ" ಎಂದರು. ನನ್ನ ಗಂಡ ಪೇಪರಿನ ಹಿಂದೆ ಅಡಗಿದರು. ಅವರಿಗೆ ಅಣ್ಣನೆಂದರೆ ಅಷ್ಟು ಹೆದರಿಕೆ, ನಾನೆಂದರೂ ಅಷ್ಟೇ. ಪಾಪ, ಪೇಪರಾದರೂ ದೊಡ್ಡದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಬಿಲ್ಲಿಗಲ್ಲ, "ನಿನ್ನ" ಎಂದದ್ದಕ್ಕೆ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಯಾವುದನ್ನೂ ಯಾರೂ ನನ್ನದು ಎಂದು ಕರೆದದ್ದಿಲ್ಲ. ಬಾವಿ ನಮ್ಮದು, ದೋಣಿಯ ಪಾಲು ನಮ್ಮದು, ನಾನು ತವರಿನಿಂದ ತಂದ ಕಂಚಿನ ಉರುಳಿಯೂ ವರ್ಷ ಕಳೆಯುವಷ್ಟರಲ್ಲಿ ನಮ್ಮದಾಯಿತು. ಅದರಲ್ಲಿ ನನಗೆ ಬೇಸರವಿಲ್ಲ, ಕೂಡಿ ಬಾಳುವ ಮನೆ ಎಂದರೆ ಹಾಗೆಯೇ. ಆದರೆ ನಾನು ಕೈ ಕೊಯ್ದುಕೊಂಡು, ಬೆರಳ ಸಂದಿಗೆ ಉಪ್ಪು ಖಾರ ಹೊಕ್ಕಿಸಿಕೊಂಡು ಗಳಿಸಿದ ಆ ಫ್ರೀಜರನ್ನು ಮೊತ್ತಮೊದಲ ಸಲ ನನ್ನದೆಂದು ಒಪ್ಪಿಕೊಂಡದ್ದು ಅಪರಾಧ ಹೊರಿಸುವುದಕ್ಕೆ! ಹೊಗಳಲು ನಮ್ಮದು, ಬೈಯಲು ನಿನ್ನದು. ಇದ್ಯಾವ ನ್ಯಾಯ?

"ಭಾವ, ಕರೆಂಟ್ ಫ್ರೀಜರೇ ತಿಂಬುದ್ ಅಂದೇಳಿ ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?" ಎಂದು ಕೇಳಿದೆ.

"ಅದ್ ಬಂದ್ಮೇಲೆ ಬಿಲ್ ಏರಿತ್ತ್. ಇನ್ನೆಂತ ಸಾಕ್ಷಿ ಬೇಕ್?"

ಎಂಥದ್ದೋ ಒಂದು ಪ್ಲಗ್ಗು ಬಂದಿದೆ, ಗೋಡೆಯ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿ, ಅದಕ್ಕೆ ಫ್ರೀಜರನ್ನು ಸಿಕ್ಕಿಸಿದರೆ, ಎಷ್ಟು ಕರೆಂಟು ಎಳೆಯುತ್ತದೆ ಎಂಬುದು ಫೋನಿನಲ್ಲಿ ಕಾಣುತ್ತದೆ ಎಂದು ಭಾವನೇ ವಿವರಿಸಿದರು. ಮುಂಬಯಿಯ ಹೋಟೆಲಿನಲ್ಲಿ ಹಾಕಿಸಿದ್ದರಂತೆ. ವಂಡ್ಸೆಯಲ್ಲಿ ಅವರ ಗುರುತಿನವರೊಬ್ಬರು ಐಸ್‌ಕ್ರೀಮಿನ ಅಂಗಡಿ ಇಡುವವರಿದ್ದರು, ಅವರಿಗೆ ಒಂದು ಫ್ರೀಜರು ಬೇಕಿತ್ತು. ತಪ್ಪು ಫ್ರೀಜರಿನದೇ ಎಂದು ಪ್ಲಗ್ಗು ಹೇಳಿದರೆ ಅದನ್ನು ಅವರಿಗೆ ಕೊಟ್ಟುಬಿಡಬೇಕು, ನನ್ನ ಮೀನಿನ ಕೆಲಸ ಹಳೆಯ ಫ್ರಿಜ್ಜಿನಲ್ಲಿ ಹಿಡಿಸುವಷ್ಟಕ್ಕೇ ನಿಲ್ಲಬೇಕು. ಇದು ಭಾವನ ಷರತ್ತು.

ನನ್ನ ಗಂಡ ಪೇಪರಿನ ಮೇಲಿಂದ ಕಣ್ಣಷ್ಟೇ ಎತ್ತಿ, ಬೇಡ ಎಂದು ತಲೆಯಾಡಿಸಿದರು. ಸಿಟ್ಟು ಬಂದಾಗ ಹಿಂದೆ ಮುಂದೆ ನೋಡುವ ಜಾಯಮಾನ ನನ್ನದಲ್ಲ.

"ಅಕ್ಕ್. ಹಾಕಿ ಕಾಂಬ" ಎಂದು ಒಪ್ಪಿಬಿಟ್ಟೆ.

ಭಾವ ಅವತ್ತೇ ಕುಂದಾಪುರಕ್ಕೆ ಹೋಗಿ ಎರಡು ಸ್ಮಾರ್ಟ್ ಪ್ಲಗ್ಗು ತಂದರು. ಬಿಳಿಯ ಬಣ್ಣ, ಮುಷ್ಟಿಯೊಳಗೆ ಅಡಗುವಷ್ಟೇ ಗಾತ್ರ. ಒಂದನ್ನು ಫ್ರೀಜರಿಗೆ ಸಿಕ್ಕಿಸಿ, ಫೋನು ಕೈಯಲ್ಲಿ ಹಿಡಿದು ಬಲೆಕೋಣೆಯ ಬಾಗಿಲಲ್ಲೇ ನಿಂತರು. ಮೀನಿಗೆ ಗಾಳ ಹಾಕಿ ಕೂತವರ ಮುಖ ಹೇಗಿರುತ್ತದೋ ಹಾಗೆ. ನಾನು ಒಳಗೆ ಮಸಾಲೆ ಅರೆಯುತ್ತಾ ಕೂತೆ. ಹೊರಗೆ ಜಂಬ, ಒಳಗೆ ಪುಕ್ಕಲು. ಫ್ರೀಜರು ಹಗಲೂ ರಾತ್ರಿ ಗುಂಯ್‌ಗುಡುವುದನ್ನು ನಾನೇ ಕೇಳಿದ್ದೇನಲ್ಲ? ತಪ್ಪು ಅದರದ್ದೇ ಆಗಿದ್ದರೆ? ಮರುದಿನ ಬೆಳಿಗ್ಗೆ ಮುಚ್ಚಳ ಎತ್ತಿ ಜೋಡಿಸಿಟ್ಟ ಪ್ಯಾಕೆಟ್ಟುಗಳನ್ನು ನೋಡಿದೆ. ಇದು ಹೋದರೆ ನಾನು ಮತ್ತೆ ಬರೀ ಅನ್ನ ಬೇಯಿಸುವವಳು. ಅಳು ಬಂತು, ಮುಚ್ಚಳ ಹಾಕಿದೆ.

ಕೆಲವು ದಿನ ಕಳೆಯಿತು. ಭಾವ ಏನೂ ಹೇಳಲಿಲ್ಲ. ಬಾಯಿ ಬಿಡದೆ ಭಾವ ಇಷ್ಟು ದಿನ ಇದ್ದದ್ದೇ ಇಲ್ಲ, ಹಾಗಾಗಿ ಏನೋ ಇದೆ ಎಂದು ನನಗೆ ಅನುಮಾನ ಬಂತು. ಕೇಳಿದರೆ, "ಇನ್ನೂ ಲೆಕ್ಕ ಸರಿಯಾಯ್ಲಿಲ್ಲ, ಪ್ಲಗ್ ಹೊಸ್ತ್ ಅಲ್ದಾ" ಎಂದರು.

ಸತ್ಯ ಹೊರಬಂದದ್ದು ಭಾವ ಕೊಲ್ಲೂರಿಗೆ ಹೋದ ದಿನ. ಮುಂಬಯಿಯಿಂದ ಬಂದ ಗೆಳೆಯರೊಟ್ಟಿಗೆ ಭಾವ ದೇವಸ್ಥಾನಕ್ಕೆ ಹೋಗಿದ್ದರು. ಆ ಮಧ್ಯಾಹ್ನ ನಾನು ಬಲೆಕೋಣೆಗೆ ಹೋದರೆ ಸದ್ದಿಲ್ಲ. ಫ್ರೀಜರಿನ ದೀಪ ಆರಿತ್ತು. ಮನೆಯಲ್ಲಿ ಫ್ಯಾನು ತಿರುಗುತ್ತಿದೆ, ಕರೆಂಟು ಇದೆ, ಫ್ರೀಜರಿಗೆ ಮಾತ್ರ ಇಲ್ಲ. ಬ್ರಹ್ಮಾವರದ ಒಂದು ಸೀಮಂತದ ಮನೆಗೆ ಕೊಡಬೇಕಾದ ಸಿಗಡಿ ಪೂರ್ತಿ ಅದರೊಳಗಿತ್ತು. ಬಿಳಿ ಪ್ಲಗ್ಗನ್ನು ಕಿತ್ತು ಬಿಸಾಡಿ ಫ್ರೀಜರನ್ನು ನೇರ ಗೋಡೆಗೆ ಸಿಕ್ಕಿಸಿದೆ. ಗುಂಯ್ ಎಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. ಪ್ಯಾಕೆಟ್ಟುಗಳನ್ನು ಒತ್ತಿ ನೋಡಿದೆ, ಪುಣ್ಯಕ್ಕೆ ಎಲ್ಲ ಕಲ್ಲಿನ ಹಾಗೇ ಇದ್ದವು. ಆಮೇಲೆ ಫೋನು ಎತ್ತಿಕೊಂಡೆ.

"ಭಾವ, ಎಂತ ಮಾಡಿದ್ರಿ?"

"ಅಯ್ಯೋ, ಆಫ್ ಆಯ್ತಾ? ಇವ್ರಿಗ್ ಆಪ್ ತೋರ್ಸುಕ್ ಹೋಯಿ ಎಲ್ಲೋ ಒತ್ತಿದೆ ಕಾಣ್..."

"ನೀವ್ ಮನಿಗ್ ಬನ್ನಿ. ಇವತ್ತೇ ಆ ಆಪ್ ನನ್ನ ಫೋನಿಗೂ ಇರ್ಕ್" ಎಂದೆ. ಭಾವನ ಹತ್ತಿರ ನಾನು ಅಷ್ಟು ಎತ್ತರದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅತ್ತೆ ಒಳಗಿನಿಂದ ಬಂದು ನನ್ನ ಮುಖ ನೋಡಿ, ಒಂದು ಲೋಟ ನೀರು ಕೊಟ್ಟು ಹೋದರು.

ಸಂಜೆ ಭಾವ ದೇವಿಯ ಪ್ರಸಾದ ಮೊದಲು ಕೊಟ್ಟು, ಆಮೇಲೆ ಆಪು ಹಾಕಿಕೊಟ್ಟರು. ತೆರೆದು ನೋಡಿದರೆ ಪ್ಲಗ್ಗಿಗೆ ಅವರು "ಕಳ್ಳ" ಎಂದು ಹೆಸರಿಟ್ಟಿದ್ದರು! ಕೋಪಕ್ಕಿಂತ ನಗುವೇ ಬಂತು. ಒಳಗಿನ ಗ್ರಾಫು ನೋಡಿದಾಗ ಇನ್ನೂ ನಗು ಬಂತು. ನನ್ನ ಫ್ರೀಜರು ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಸ್ವಲ್ಪ ಹೊತ್ತು ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಮತ್ತೆ ಕೆಲಸ, ಮತ್ತೆ ವಿಶ್ರಾಂತಿ. ಶಿಸ್ತಿನ ಸಿಪಾಯಿ! ದಿನದ ಲೆಕ್ಕ ನೋಡಿದರೆ ಎಳೆದದ್ದು ತೀರಾ ಕಡಿಮೆ ಕರೆಂಟು. ಬಿಲ್ಲು ಏರಿದ ಎತ್ತರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಭಾವನಿಗೆ ಇದು ಮೊದಲ ದಿನದಿಂದಲೇ ಗೊತ್ತಿತ್ತು.

"ಹಾಂಗಾರೆ ತಿಂಬುದ್ ಯಾರ್ ಭಾವ?" ಎಂದು ಕೇಳಿದೆ.

"ಅದ್ ನೀನೇ ಹುಡ್ಕ್. ತಿಂಗ್ಳ್ ಮುಗಿಯುದ್ರೊಳಗೆ ಸಿಕ್ದಿದ್ರೆ ನಿನ್ನ ಫ್ರೀಜರೇ. ವಂಡ್ಸಿಯವ್ರಿಗ್ ಮಾತ್ ಕೊಟ್ಟಾಯ್ತ್" ಎಂದು ಎದ್ದು ಹೋದರು. ಅಂದರೆ ಬಿಡುಗಡೆಯಾಗಬೇಕಾದರೆ ನನ್ನ ಫ್ರೀಜರು ತಾನು ಕಳ್ಳನಲ್ಲ ಎಂದು ತೋರಿಸಿದರೆ ಸಾಲದು, ನಿಜವಾದ ಕಳ್ಳನನ್ನೂ ಹಿಡಿದುಕೊಡಬೇಕು.

ಹಿಡಿಯುತ್ತೇನೆ ಎಂದು ಸೆರಗು ಬಿಗಿದೆ. ಎರಡು ಪ್ಲಗ್ಗುಗಳನ್ನೂ ನನ್ನ ವಶಕ್ಕೆ ತೆಗೆದುಕೊಂಡು ಮನೆಯ ಒಂದೊಂದೇ ವಸ್ತುವಿನ ಬೆನ್ನು ಹತ್ತಿದೆ. ಟಿವಿ ಪಾಪದ್ದು. ಗ್ರೈಂಡರು ಗಲಾಟೆ ಮಾಡುತ್ತದೆಯೇ ಹೊರತು ತಿನ್ನುವುದು ಅಷ್ಟಕ್ಕಷ್ಟೇ, ನಮ್ಮ ಊರಿನ ಕೆಲವು ಪುಢಾರಿಗಳ ತದ್ವಿರುದ್ಧ. ವಾಷಿಂಗ್ ಮೆಷಿನ್ನು ವಾರಕ್ಕೆರಡು ಸಲ ಏಳುವುದು. ಅಡುಗೆಮನೆಯ ಸಾತ್ವಿಕ ಫ್ರಿಜ್ಜು ತನ್ನ ಹೆಸರಿಗೆ ತಕ್ಕ ಹಾಗೆ ಮಿತಾಹಾರಿ. ಉಳಿದದ್ದು ಹಿಂಬದಿ ಜಗಲಿಯ ಮೀನಿನ ಫ್ರಿಜ್ಜು. ಪ್ಲಗ್ಗಿಗೆ ವೈಫೈ ಬೇಕು, ಅದು ಅಲ್ಲಿಗೆ ಹಿಡಿಯುತ್ತಿರಲಿಲ್ಲ. ವೈಫೈಯ ಡಬ್ಬಿಯನ್ನು ಹಿಂಬದಿಯ ಕಿಟಕಿಗೆ ಸ್ಥಳಾಂತರಿಸಿಕೊಡಲು ಗಂಡನಿಗೆ ಹೇಳಿದೆ. "ಹ್ವಾಯ್, ಪೇಪರ್ ಕೆಳಗಿಟ್ಟ್ ಒಂಚೂರ್ ಬನ್ನಿ" ಎಂದೆ. ಬಂದರು. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬಂದರು, ಆದರೂ ಬಂದರಲ್ಲ.

ಅದರ ಗ್ರಾಫು ನೋಡಿ ದಂಗಾದೆ. ಬೆಳಕು ಹರಿಯುವಾಗ ಏರಿದ ಗೆರೆ ಇಳಿಯುವ ಹೆಸರೇ ಇಲ್ಲ. ಮಧ್ಯಾಹ್ನ ತುಸು ದಣಿದು ತಗ್ಗುತ್ತದೆ, ಸಂಜೆ ಮತ್ತೆ ಏರುತ್ತದೆ. ಉಸಿರು ಬಿಡದೆ ಓಡುತ್ತಿತ್ತು ಬಡಪಾಯಿ. ಕಳ್ಳ ಸಿಕ್ಕಿದ ಎಂದು ಕುಣಿಯುವಷ್ಟು ಖುಷಿಯಾಯಿತು. ಆದರೆ ಭಾವ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಆ ಫ್ರಿಜ್ ಮುಂಚಿಂದ್ಲೂ ಇತ್ತಲೆ? ಆಗ ಬಿಲ್ ಏರಿಲ್ಲ, ಈಗ ಎಂತಕ್ ಏರ್ಕ್?" ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ದಿನವೂ ಗ್ರಾಫು ನೋಡುತ್ತಾ ಕೂತೆ.

ಉತ್ತರ ಕೊಟ್ಟದ್ದು ಬಿಜೂರಿನ ಒಂದು ಗೃಹಪ್ರವೇಶ. ಭಾವನ ಸೋದರತ್ತೆಯ ಮನೆಯದು. ಭಾವ ಹಿಂದಿನ ದಿನವೇ ಹೋಗಿ ಅಡುಗೆಯವರ ತಲೆಯ ಮೇಲೆ ಕೂತು, ಊಟವೆಲ್ಲ ಮುಗಿದ ಮೇಲೆ ಮರಳಿದರು. ಅವರಿಲ್ಲದಾಗ ನಮ್ಮ ಮನೆಯಲ್ಲಿ ಯಾರೂ ಹಂಡೆಗೆ ಬೆಂಕಿ ಹಾಕಲಿಲ್ಲ. ಬೇಸಗೆಯ ಸೆಕೆ, ತಣ್ಣೀರೇ ಸುಖವಾಗಿತ್ತು. ಮರುದಿನ ಗ್ರಾಫು ತೆರೆದರೆ ಗೃಹಪ್ರವೇಶದ ದಿನ ಮೀನಿನ ಫ್ರಿಜ್ಜಿನ ಗೆರೆ ನನ್ನ ಫ್ರೀಜರಿನ ಗೆರೆಯ ಹಾಗೆಯೇ ಏರುತ್ತ, ಇಳಿಯುತ್ತ ಸಮಾಧಾನವಾಗಿತ್ತು. ಭಾವ ಮರಳಿದ ಸಂಜೆ ಮತ್ತೆ ಮೇಲಕ್ಕೆ.

ನಾನು ಫೋನು ಹಿಡಿದುಕೊಂಡೇ ಹಿಂಬದಿ ಜಗಲಿಗೆ ಓಡಿದೆ. ಫ್ರಿಜ್ಜಿನ ಹಿಂದಿನ ಸಂದಿಗೆ ಕೈ ತೂರಿಸಿ ಗೋಡೆ ಮುಟ್ಟಿದೆ. ದೋಸೆ ಕಾವಲಿ! ಆ ಗೋಡೆಯ ಆಚೆಗೇ ಬಚ್ಚಲ ಒಲೆ. ಒಲೆಯ ಉರಿ ಗೋಡೆಗೆ, ಗೋಡೆಯ ಕಾವು ಫ್ರಿಜ್ಜಿನ ಬೆನ್ನಿಗೆ. ಒಳಗಿನ ಬಿಸಿಯನ್ನು ಬೆನ್ನಿನಿಂದ ಹೊರಹಾಕಿ ತಣ್ಣಗಾಗಬೇಕಾದ ಯಂತ್ರದ ಬೆನ್ನಿಗೇ ನಾವು ಬೆಂಕಿ ಇಟ್ಟಿದ್ದೆವು. ಕರೆಂಟು ಉಳಿಸಲೆಂದು ಗೀಸರು ಬಂದ್ ಮಾಡಿ ಹಂಡೆ ಉರಿಸಿದ್ದು ಭಾವ. ಅವರು ಉಳಿಸುತ್ತಿದ್ದ ಕರೆಂಟನ್ನೆಲ್ಲ, ಅದರ ಮೇಲೊಂದಿಷ್ಟು ಸೇರಿಸಿ, ಈ ಫ್ರಿಜ್ಜು ಹಿಂದಿನಿಂದ ತಿನ್ನುತ್ತಿತ್ತು. ಫ್ರೀಜರು ಬಂದದ್ದೂ ಭಾವ ಬಂದದ್ದೂ ಒಂದೇ ತಿಂಗಳು. ಎಲ್ಲರೂ ಫ್ರೀಜರನ್ನು ಹಿಡಿದರು, ಭಾವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಅಡುಗೆಮನೆಗೆ ಬಂದು ಒಬ್ಬಳೇ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಭಾವ ಮಿಂದು, ಬೈರಾಸು ಹೆಗಲಿಗೆ ಹಾಕಿಕೊಂಡು, ಜಗಲಿಯಲ್ಲಿ ಚಾ ಕುಡಿಯಲು ಕೂತಿದ್ದರು. ಅತ್ತೆಯೂ ಗಂಡನೂ ಇದ್ದರು. ಫೋನನ್ನು ಭಾವನ ಎದುರಿಗಿಟ್ಟು ಗೃಹಪ್ರವೇಶದ ದಿನದ ಗೆರೆ ತೋರಿಸಿದೆ, ಉಳಿದ ದಿನಗಳ ಗೆರೆ ತೋರಿಸಿದೆ. "ನೀವ್ ಇಲ್ದಿದ್ ದಿನ ಇದ್ ತಣ್ಣಗ್ ಇತ್ತ್ ಭಾವ. ನೀವ್ ಬಂದ್ ಹಂಡಿಗ್ ಬೆಂಕಿ ಹಾಕಿದ್ ಕೂಡ್ಲೆ ಓಡುಕ್ ಶುರು ಮಾಡ್ತ್" ಎಂದೆ.

ಭಾವ ಗೆರೆ ನೋಡಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು. "ಪ್ಲಗ್ ಸುಳ್ಳ್ ಹೇಳುಕೂ ಸಾಕ್" ಎಂದರು.

"ನೀವೇ ತಂದ ಪ್ಲಗ್ ಅಲ್ದಾ?"

ಅಷ್ಟರಲ್ಲಿ ಅತ್ತೆ ಎದ್ದರು. ಅವರಿಗೆ ಗ್ರಾಫು ಬೇಕಿರಲಿಲ್ಲ. ಕೋಲೂರಿಕೊಂಡು ಹಿಂಬದಿ ಜಗಲಿಗೆ ಹೋದರು, ನಾವೆಲ್ಲ ಹಿಂದೆಯೇ ಹೋದೆವು. ಬುಟ್ಟಿಯೊಳಗೆ ಕೈಯಿಟ್ಟೇ ಮೀನಿನ ವಯಸ್ಸು ಹೇಳುತ್ತಿದ್ದ ಕೈಯನ್ನು ಫ್ರಿಜ್ಜಿನ ಹಿಂದಿನ ಗೋಡೆಗೆ ಒತ್ತಿದರು, ತಕ್ಷಣ ಹಿಂತೆಗೆದರು.

"ಮಗಾ, ನೀನ್ ಮೀವುದ್ ಬಚ್ಚಲಂಗೆ, ಬೆವ್ರುದ್ ನನ್ನ ಫ್ರಿಜ್" ಎಂದರು.

ನನ್ನ ಗಂಡ ನಕ್ಕುಬಿಟ್ಟರು. ಅಣ್ಣನ ಎದುರೇ, ಪೇಪರಿನ ಮರೆಯಿಲ್ಲದೆ. ಭಾವ ಮೊದಲು ಮುಖ ಊದಿಸಿಕೊಂಡರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಹೋಟೆಲಿನವರು ಸೋತರೂ ಕೆಲಸ ಬಿಡುವವರಲ್ಲ. ಬೈರಾಸನ್ನು ಸೊಂಟಕ್ಕೆ ಬಿಗಿದು, ತಮ್ಮನನ್ನು ಕರೆದು, ಆವಾಗಲೇ ಫ್ರಿಜ್ಜನ್ನು ಎಳೆಯತೊಡಗಿದರು. ಎಲ್ಲಿಗೆ ಎಂಬ ಪ್ರಶ್ನೆ ಬಂತು. ಅಡುಗೆಮನೆಗಂತೂ ಇಲ್ಲ, ಅತ್ತೆಯ ಕಾನೂನು ಹಾಗೇ ಇತ್ತು. ಅತ್ತೆ ನನ್ನ ಕಡೆ ತಿರುಗಿ, "ಹೆಣೆ, ಬಲೆಕೋಣಿಯಂಗೆ ಜಾಗ ಇತ್ತಾ?" ಎಂದು ಕೇಳಿದರು. ಅಲ್ಲಿಡಿ ಎಂದು ಹೇಳಲಿಲ್ಲ, ಜಾಗ ಇದೆಯೇ ಎಂದು ನನ್ನನ್ನು ಕೇಳಿದರು. "ಇತ್ತ್ ಅತ್ತೆ" ಎಂದೆ. ಆಪಿನಲ್ಲಿ "ಕಳ್ಳ" ಎಂಬ ಹೆಸರನ್ನು ಆ ಹಳೆಯ ಫ್ರಿಜ್ಜಿಗೆ ಕೊಡಲು ಮನಸ್ಸು ಬರಲಿಲ್ಲ, ಅದರದ್ದೇನೂ ತಪ್ಪಿರಲಿಲ್ಲ. ಸುಮ್ಮನೆ ಅಳಿಸಿಹಾಕಿದೆ.

ಮುಂದಿನ ಬಿಲ್ಲು ಬಂದಾಗ ಭಾವ ಅದನ್ನು ಗಟ್ಟಿಯಾಗಿ ಓದಲಿಲ್ಲ. ನಾನು ಓದಿದೆ. ಮೇಲಿನಿಂದ ಕೆಳಗೆ, ಹೆದ್ದಾರಿಯ ಆಚೆಬದಿಗೂ ಕೇಳುವ ಹಾಗೆ ಓದಿದೆ. ಇಳಿದಿತ್ತು, ಚೆನ್ನಾಗಿಯೇ ಇಳಿದಿತ್ತು. ಹಂಡೆಯ ಬೆಂಕಿ ಮಾತ್ರ ಮೊದಲಿನ ಹಾಗೆಯೇ ಉರಿಯುತ್ತಿದೆ, ಅದನ್ನು ನಾನು ಯಾಕೆ ಆರಿಸಲಿ?

ಅದೇ ವಾರ ವಂಡ್ಸೆಯ ಅಂಗಡಿಯವರು ಗೂಡ್ಸ್ ರಿಕ್ಷಾ ಸಮೇತ ಅಂಗಳಕ್ಕೆ ಬಂದರು. ಭಾವ ಅವರಿಗೆ ಬೇಡವೆಂದು ತಿಳಿಸಲು ಮರೆತೇಬಿಟ್ಟಿದ್ದರು. ನಾನು ಬಲೆಕೋಣೆಯಲ್ಲಿ ಕಾಣೆ ಮೀನಿಗೆ ಮಸಾಲೆ ಹಚ್ಚುತ್ತಿದ್ದೆ, ಕೈ ತುಂಬ ಖಾರ. ಹೊರಗೆ ಭಾವನ ದನಿ ಕೇಳಿತು.

"ಇಲ್ಲ ಮಾರಾಯ್ರೆ, ಕೊಡುದಿಲ್ಲ. ನಮ್ಮ ಫ್ರೀಜರ್ ಎಷ್ಟ್ ಕಮ್ಮಿ ಕರೆಂಟ್ ಎಳಿತಿತ್ತ್ ಗೊತ್ತಿತ್ತಾ? ಕಾಣಿ ಇಲ್ಲಿ, ನಮ್ಮ ಫ್ರೀಜರಿನ ಗ್ರಾಫ್ ಕಾಣಿ..."

ನನಗೆ ಸುಮ್ಮನಿರಲು ಆಗಲಿಲ್ಲ. ಖಾರದ ಕೈಯನ್ನು ಎತ್ತಿ ಹಿಡಿದುಕೊಂಡೇ ಜಗಲಿಗೆ ಬಂದೆ.

"ಭಾವ, ಅದ್ ನಮ್ದಲ್ಲ, ನಂದ್."

ವಂಡ್ಸೆಯವರು ನನ್ನ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ ತಲೆ ಎತ್ತಿದರು.

"ಹೌದ್, ಅದ್ ಅವ್ಳದ್ದೇ" ಎಂದರು. "ಬೇಕಾರೆ ಅವ್ಳ ಹತ್ರ ಕೇಣಿ."

ವಂಡ್ಸೆಯವರು ನನ್ನ ಹತ್ತಿರ ಕೇಳಿದರು. ನಾನು ಕೊಡುವುದಿಲ್ಲ ಎಂದೆ.